ನಬ್ರಾ ಎಂಬ ಹೆಸರಿನ ಪರವಾಗಿ

ಅಲೆಕ್ಸಾಂಡ್ರಿಯಾ
ಜನವರಿ ೧೯, ೨೦೧೦

ಪ್ರೀತಿಯ ಮಗಳು ನಗ್ವಾಳಿಗೆ,

ನಿನಗೆ, ನಿನ್ನ ಗಂಡನಿಗೆ, ನಿನ್ನ ಹೊಟ್ಟೆಯೊಳಗಿಂದ ಒದೆಯುತ್ತಿರುವವಳಿಗೆ ದೊಡ್ಡಮ್ಮನ ಸಲಾಮು. ನಿನ್ನ ಅತ್ತೆ ನಈಮಾಳಿಗೂ ಸಲಾಮು ಹೇಳು. ಆದರೆ ಈ ಪತ್ರವನ್ನು ಪೂರ್ತಿ ಓದಿ ಮುಗಿಸಿದ ಮೇಲೆ ಹೇಳು.

ಉತ್ತರ ತಡವಾಯಿತು, ಕ್ಷಮಿಸು. ಎಡಗಣ್ಣಿನ ಪೊರೆ ತೆಗೆಸಿಕೊಂಡೆ. "ಕೆಲವು ದಿನ ಓದೋದು ಬರೆಯೋದು ಬೇಡಮ್ಮಾ" ಎಂದರು ಡಾಕ್ಟರು. ಜೀವಮಾನವೆಲ್ಲ ಗ್ರಂಥಾಲಯದಲ್ಲಿ ಕೂತವಳಿಗೆ ಓದಬೇಡ ಅನ್ನುವುದೂ ಉಸಿರಾಡಬೇಡ ಅನ್ನುವುದೂ ಒಂದೇ. ಪಕ್ಕದ ಮನೆಯ ಹುಡುಗಿಯಿಂದ ಪತ್ರಿಕೆ ಓದಿಸಿಕೊಂಡೆ. ಅವಳು ಮದುವೆ ಸುದ್ದಿ, ಚಿನ್ನದ ದರ ಇಷ್ಟನ್ನೇ ಓದಿದಳು. ನೀನು ಕಳಿಸಿದ ಖರ್ಜೂರ, ಒಣಗಿಸಿದ ಬೆಂಡೆಕಾಯಿ ಎರಡೂ ಬಂದವು. ಬೆಂಡೆಕಾಯಿ ಸಾರು ಮಾಡಿ, ಜೋಳದ ತೆಳು ರೊಟ್ಟಿ ಹಾಕಿಕೊಂಡು ತಿಂದೆ. ಇಲ್ಲಿ ಸಮುದ್ರದ ಚಳಿ ಮೂಳೆ ಕೊರೆಯುತ್ತಿದೆ. ಬೀದಿಯಲ್ಲಿ ನೀರು ನಿಂತು ಮೂರನೆಯ ಮನೆಯ ಅಬ್ಲಾ ಜಾರಿ ಬಿದ್ದಳು. ಕೈ ಮುರಿಯಿತು, ಬಾಯಿ ಮಾತ್ರ ಮೊದಲಿಗಿಂತ ಚುರುಕಾಗಿದೆ.

ಇನ್ನು ನಿನ್ನ ಪತ್ರದ ವಿಷಯ. ಹೆಣ್ಣು ಮಗು ಎಂದು ಸ್ಕ್ಯಾನಿಂಗಿನವರು ಹೇಳಿದ್ದಾರೆ, ನಿನ್ನ ಮುತ್ತಜ್ಜಿ ನಬ್ರಾಳ ಹೆಸರಿಡಬೇಕೆಂದು ಆಸೆ, ಆದರೆ ಅತ್ತೆ ಒಪ್ಪುವುದಿಲ್ಲ ಎಂದು ಬರೆದಿದ್ದೀಯೆ. ಅವಳ ಮಾತನ್ನು ಹಾಗೇ ಬರೆದು ಕಳಿಸಿದ್ದೀಯೆ: "ಆ ಹೆಸರು ನನ್ನ ಹೊಸ್ತಿಲು ದಾಟಕೂಡದು. ಅವಳು ಹುಟ್ಟಿದ ವಾರಕ್ಕೆ ಊರಿಗೆ ನೀರು ಬಂತು. ಅವಳ ಕಾಲ್ಗುಣಕ್ಕೆ ನೂಬಿಯಾನೇ ಮುಳುಗಿತು. ಬೇರೆ ಸಾವಿರ ಹೆಸರಿದೆ, ಯಾವುದಾದ್ರೂ ಇಡು." ನಿನ್ನ ಗಂಡ ಎಂದಿನಂತೆ "ನೀವಿಬ್ಬರೂ ತೀರ್ಮಾನ ಮಾಡಿಕೊಳ್ಳಿ" ಎಂದು ಟೀ ಕುಡಿಯಲು ಎದ್ದು ಹೋದನಂತೆ.

ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಮೊಬೈಲಿನ ದನಿ ಅಂಗಳದ ಮೇಕೆಗಳಿಗೂ ಕೇಳಿಸುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಕೋಪದಲ್ಲಿ ಬರೆಯುತ್ತಿದ್ದೇನೆ, ಅದನ್ನೂ ಮುಚ್ಚಿಡುವುದಿಲ್ಲ. ನೈಲ್ ದಂಡೆಯ ನಮ್ಮ ನೂಬಿಯಾವನ್ನು ಮುಳುಗಿಸಿದ ಅಸ್ವಾನಿನ ಅಣೆಕಟ್ಟನ್ನು ಕಟ್ಟಿದವರ ಹೆಸರು ಶಾಲೆಯ ಪುಸ್ತಕದಲ್ಲಿದೆ. ಎತ್ತರಿಸಿದವರ ಹೆಸರಿದೆ, ರಿಬ್ಬನ್ ಕತ್ತರಿಸಿದವರ ಹೆಸರಿದೆ. ಅಪರಾಧ ಹೊರಿಸುವ ಹೊತ್ತು ಬಂದಾಗ ನಮ್ಮ ಜನಕ್ಕೆ ಸಿಕ್ಕಿದ್ದು ಏಳು ದಿನದ ಒಂದು ಕೂಸು. ನನ್ನ ಅಡುಗೆಮನೆಯಲ್ಲೂ ಆ ಕಟ್ಟೆಯ ಕರೆಂಟಿನ ದೀಪವೇ ಉರಿಯುತ್ತದೆ. ಬೆಳಕು ಬೇಡವೆಂದು ನಾನೆಂದೂ ಹೇಳಿಲ್ಲ. ಆ ಬೆಳಕಿಗಾಗಿ ಕತ್ತಲಾದ ಮನೆಗಳಿದ್ದವು ಅನ್ನುವುದನ್ನೂ ಅದೇ ಪುಸ್ತಕದಲ್ಲಿ ಬರೆಯಿರಿ ಎಂದು ಪತ್ರಿಕೆಗಳಿಗೆ ಬರೆದು ಬರೆದು ನನ್ನ ಪೆನ್ನುಗಳು ಮುಗಿದವು. ಒಬ್ಬರೂ ಅಚ್ಚು ಹಾಕಲಿಲ್ಲ. ಹೋಗಲಿ. ನೀನಾದರೂ ಓದು.

ನನ್ನ ಅಜ್ಜಿ ನಬ್ರಾ ಹುಟ್ಟಿದ ಕಥೆಯನ್ನು ನನಗೆ ಹೇಳಿದವಳು ನೆರೆಮನೆಯ ಸಕೀನಾ ಅಜ್ಜಿ. ಆಗ ಅವಳು ಹುಡುಗಿ, ಎಲ್ಲವನ್ನೂ ಕಣ್ಣಾರೆ ಕಂಡವಳು. ೧೯೧೨ರ ಚಳಿಗಾಲ. ಹತ್ತು ವರ್ಷ ಮೊದಲು ಅಸ್ವಾನಿನಲ್ಲಿ ಮೊದಲ ಕಟ್ಟೆ ಕಟ್ಟಿದಾಗ ನೀರು ಕೆಳಗಿನ ಊರುಗಳನ್ನು ನುಂಗಿತ್ತು, ನಮ್ಮ ಊರಿನ ತನಕ ಬಂದಿರಲಿಲ್ಲ. ಈಗ ಕಟ್ಟೆಯನ್ನು ಎತ್ತರಿಸಿದ್ದರು. ಸರ್ಕಾರದವರು ದೋಣಿಯಲ್ಲಿ ಬಂದು ನಮ್ಮ ಮನೆಗಳ ಹಿಂದಿನ ಬಂಡೆಗಳಿಗೆ ಕೆಂಪು ಬಣ್ಣದ ಗೆರೆ ಎಳೆದು, "ನೀರು ಇಲ್ಲಿವರೆಗೆ ಬರುತ್ತೆ" ಎಂದು ಹೇಳಿ ಹೋದರು. ಊರು ನಕ್ಕಿತು. ಯಾಕೆ ನಗಬಾರದು? ನೈಲ್ ನದಿ ಉಬ್ಬುವುದು ಬೇಸಿಗೆಯಲ್ಲಿ, ಕೆಂಪು ಮಣ್ಣು ಹೊತ್ತುಕೊಂಡು, ಸದ್ದು ಮಾಡಿಕೊಂಡು. ಚಳಿಗಾಲದಲ್ಲಿ ಅದು ಇಳಿದು ಮಲಗುತ್ತದೆ. ಸಾವಿರಾರು ವರ್ಷ ಅದು ಹಾಗೆಯೇ ನಡೆದುಕೊಂಡಿತ್ತು. "ಚಳಿಗಾಲದಲ್ಲಿ ನದಿ ಬೆಟ್ಟ ಹತ್ತುತ್ತಂತೆ! ಹಾಗಾದ್ರೆ ನನ್ನ ಕತ್ತೆ ಮೊಟ್ಟೆ ಇಡುತ್ತೆ" ಅಂದನಂತೆ ಸಕೀನಾಳ ತಾತ. ಗಂಡಸರಲ್ಲಿ ಹೆಚ್ಚಿನವರು ಕೈರೋದಲ್ಲಿ ಅಡುಗೆಯವರಾಗಿ, ಬಾಗಿಲು ಕಾಯುವವರಾಗಿ ದುಡಿಯುತ್ತಿದ್ದರು. ಊರಿನಲ್ಲಿದ್ದವರು ಮುದುಕರು, ಹೆಂಗಸರು, ಮಕ್ಕಳು.

ಆ ಚಳಿಗಾಲದಲ್ಲೇ ನಬ್ರಾ ಹುಟ್ಟಿದಳು. ಏಳನೆಯ ದಿನ ಸಂಜೆ ನಮ್ಮ ಹೆಂಗಸರು ಏನು ಮಾಡುತ್ತಾರೆಂದು ನಿನಗೆ ಗೊತ್ತು. ದೀಪ ಹಿಡಿದು, ತುಪ್ಪ ಹಾಕಿದ ಗಂಜಿಯ ಬಟ್ಟಲು ಹೊತ್ತು, ತಾಯಿ ಮಗುವನ್ನು ನದಿಗೆ ಕರೆದೊಯ್ದು, ಅದರ ಮುಖ ತೊಳೆದು, ಹೆಸರು ಹೇಳಿ, ಗಂಜಿಯಲ್ಲಿ ಒಂದು ಪಾಲನ್ನು ನದಿಯನ್ನು ಕಾಯುವ ನೀರಿನೊಳಗಿನವರಿಗೆ ಬಿಡುತ್ತಾರೆ. ಆ ಸಂಜೆಯೂ ಹಾಗೇ ಹೊರಟರು. ಬಾಗಿಲು ತೆರೆದರೆ ನದಿ ಅಲ್ಲೇ ಇತ್ತು. ಖರ್ಜೂರದ ತೋಟವನ್ನು ದಾಟಿ ಬಂದು ಕೆಳಗಿನ ಮೆಟ್ಟಿಲ ಹತ್ತಿರ ನಿಂತಿತ್ತು. ಕೆಂಪಿಲ್ಲ, ಸದ್ದಿಲ್ಲ. ತಿಳಿಯಾದ ನೀರು, ಅದರಲ್ಲಿ ಅವರ ದೀಪದ ಪ್ರತಿಬಿಂಬ.

ನಗ್ವಾ, ಆ ಹೆಂಗಸರು ಏನು ಮಾಡಿದರು ಗೊತ್ತೇ? ಸಂತೋಷಪಟ್ಟರು. ನೀರಿನೊಳಗಿನವರೇ ಕೂಸನ್ನು ನೋಡಲು ಮನೆಬಾಗಿಲಿಗೆ ಬಂದಿದ್ದಾರೆ ಎಂದುಕೊಂಡರು. "ಯಾವ ರಾಣಿಗೂ ಹೀಗೆ ಆಗಿರಲಿಲ್ಲ ಕಣೇ" ಎಂದು ಬಾಣಂತಿಯನ್ನು ಅಪ್ಪಿಕೊಂಡರು. ಬಟ್ಟಲಿನ ಗಂಜಿಯನ್ನೆಲ್ಲ ನೀರಿಗೆ ಸುರಿದರು. ನಾಲಿಗೆ ಹೊರಳಿಸಿ ಮಂಗಳಕೂಗು ಹಾಕಿದರು. ಒಬ್ಬಳಾದ ಮೇಲೆ ಒಬ್ಬಳು, ದನಿ ಬಿದ್ದುಹೋಗುವ ತನಕ. ನಮ್ಮ ಭಾಷೆಯಲ್ಲಿ ಚೊಕ್ಕ ಚಿನ್ನ ಎಂಬ ಅರ್ಥ ಬರುವಂತೆ ಮಗುವಿಗೆ ನಬ್ರಾ ಅಂತ ಹೆಸರಿಟ್ಟರು. ತಮ್ಮ ಮನೆಯನ್ನು ಮುಳುಗಿಸಲು ಬಂದ ನೀರಿಗೆ ತಾವೇ ಮಂಗಳ ಹಾಡಿ ಕರೆದರು.

ಮರುದಿನ ಬೆಳಗಿಗೆ ಕೆಳಗಿನ ಕೋಣೆಯ ಜೋಳದ ಕಣಜ ತೇಲುತ್ತಿತ್ತು. ಮಣ್ಣಿನ ಗೋಡೆಗಳು ನೆನೆದು ಒಂದೊಂದಾಗಿ ಕುಸಿದವು. ಮೇಕೆಗಳನ್ನು ಎಳೆದುಕೊಂಡು, ಬಾಣಂತಿಯನ್ನು ಮಂಚದ ಸಮೇತ ಹೊತ್ತುಕೊಂಡು ಜನ ಕೆಂಪು ಗೆರೆಯ ಮೇಲಕ್ಕೆ ಹತ್ತಿದರು. ಬಂಡೆಗಳ ನಡುವೆ ಆ ಚಳಿಯಲ್ಲಿ ಕೂತವರಿಗೆ ನಿನ್ನೆಯ ಕೂಗು ನೆನಪಾಗಿರಬೇಕು. ನಾಚಿಕೆಯಾಗಿರಬೇಕು. ತಾವು ಮೋಸಹೋದೆವು ಎಂದುಕೊಳ್ಳುವುದು ಕಷ್ಟ. ಮಗುವಿನ ಕಾಲ್ಗುಣ ಎನ್ನುವುದು ಸುಲಭ. ಅಂದೇ ಯಾರೋ ಅಂದರು, ಅಂದಿನಿಂದ ಎಲ್ಲರೂ ಅಂದರು.

ಆ ಮಾತಿನ ಕೆಳಗೇ ಅವಳು ಬೆಳೆದಳು. ಬೇರೆ ಯಾರಾದರೂ ಬಾಗಿ ಹೋಗುತ್ತಿದ್ದರು. ನಮ್ಮ ಅಜ್ಜಿ ಬಾಗಲಿಲ್ಲ, ಹಾಗೆಂದು ಸೆಟೆದುಕೊಳ್ಳಲೂ ಇಲ್ಲ. ನಕ್ಕಳು. ಬಾವಿಕಟ್ಟೆಯಲ್ಲಿ ಯಾರೋ "ನೀನೇ ಅಲ್ವಾ ನದೀನ ಕರ್ಕೊಂಡು ಬಂದೋಳು?" ಎಂದು ಕೆಣಕಿದರೆ, "ನಾನೇ ತಂದಿದ್ರೆ ಬರಗಾಲದಲ್ಲಿ ತರ್ತಿದ್ದೆ ಕಣಮ್ಮಾ, ನಿಮ್ಮಪ್ಪ ಏತ ಎಳೆದೂ ಎಳೆದೂ ಸೊಂಟ ಮುರ್ಕೊಂಡ್ನಲ್ಲ, ಆವಾಗ" ಅನ್ನುತ್ತಿದ್ದಳಂತೆ. ಕೆಣಕಿದವಳೂ ನಗಬೇಕಾಗುತ್ತಿತ್ತು.

೧೯೩೩ರಲ್ಲಿ ಕಟ್ಟೆಯನ್ನು ಮತ್ತೆ ಎತ್ತರಿಸಿದರು. ಮತ್ತೆ ಬಂಡೆಗಳ ಮೇಲೆ ಗೆರೆ, ಇನ್ನೂ ಮೇಲೆ. ಅಜ್ಜಿಯ ಕಂಕುಳಲ್ಲಿ ನನ್ನ ಅಮ್ಮ, ಗಂಡ ಕೈರೋದಲ್ಲಿ. ಅವಳೇ ಮಣ್ಣು ಕಲಸಿದಳು, ಅವಳೇ ಗೋಡೆ ಎಬ್ಬಿಸಿದಳು, ಬಾಗಿಲ ಮೇಲೆ ಚೀನಿ ತಟ್ಟೆಗಳನ್ನು ಹೂವಿನ ಹಾಗೆ ಕೂರಿಸಿದಳು. ತನ್ನ ಮನೆ ಮುಗಿದ ಮೇಲೆ, ತನ್ನನ್ನು ಆಡಿಕೊಂಡವರ ಮನೆಗಳಿಗೂ ಹೋಗಿ ಗೋಡೆಗೆ ಮಣ್ಣು ಮೆತ್ತಿದಳು. ಗೋಡೆ ಏಳುವ ತನಕ ಎಲ್ಲರಿಗೂ ಅವಳ ಕೈ ಬೇಕು. ಆದರೆ ಊರಿನಲ್ಲಿ ಮಗು ಹುಟ್ಟಿ ಏಳನೆಯ ದಿನ ನದಿಗೆ ಹೊರಟಾಗ ಮಾತ್ರ ಯಾರೂ ಅವಳನ್ನು ಕರೆಯುತ್ತಿರಲಿಲ್ಲ. ಅವಳು ಕೇಳುತ್ತಲೂ ಇರಲಿಲ್ಲ. ಆ ಸಂಜೆಗಳಲ್ಲಿ ತನ್ನ ಬಾಗಿಲಲ್ಲಿ ನಿಂತು ಕೆಳಗಿನ ದೀಪವನ್ನು ನೋಡುತ್ತಿದ್ದಳು. ಮುಂದೆ ನಾನು ಹುಟ್ಟಿ ದೊಡ್ಡವಳಾದ ಮೇಲೆ ನಾನೂ ಅವಳ ಪಕ್ಕ ನಿಂತಿರುತ್ತಿದ್ದೆ. "ಅಲ್ಲಿಗೆ ನೀನು ಯಾಕಜ್ಜಿ ಹೋಗಲ್ಲ?" ಎಂದರೆ, "ಇಲ್ಲಿಂದ ಚೆಂದ ಕಾಣ್ಸುತ್ತೆ" ಎನ್ನುತ್ತಿದ್ದಳು.

ಈಗ ಕೊನೆಯ ನೀರಿಗೆ ಬರುತ್ತೇನೆ. ೧೯೬೩ರ ಚಳಿಗಾಲ, ನನಗೆ ಹದಿನಾಲ್ಕು. ಹೊಸ ಕಟ್ಟೆ ಬರುತ್ತಿತ್ತು. ಈ ಸಲ ಗೆರೆ ಎಳೆಯಲಿಲ್ಲ. ಹತ್ತಲು ಬೆಟ್ಟವೇ ಉಳಿಯುವುದಿಲ್ಲ, ಎಲ್ಲರೂ ಕೊಮ್ ಒಂಬೊದ ಹೊಸ ಊರಿಗೆ ಹೊರಡಿ ಎಂದರು. ಹೊರಡುವ ಹಿಂದಿನ ದಿನ ಹೆಂಗಸರೆಲ್ಲ ಗೋರಿಗಳನ್ನು ಗುಡಿಸಿ, ತಲೆಯ ಕಡೆಯ ಬಟ್ಟಲುಗಳಿಗೆ ನೀರು ತುಂಬಿದರು. "ಇವತ್ತು ನಾವು ತುಂಬಿದ್ದೇ ಕೊನೆ. ನಾಳೆಯಿಂದ ಇವರಿಗೆ ನೀರಿನ ಬರ ಇಲ್ಲ" ಅಂದಳು ಅಜ್ಜಿ. ಯಾರೂ ನಗಲಿಲ್ಲ.

ಬೆಳಿಗ್ಗೆ ಹಡಗು ಬಂತು. ಕ್ಯಾಮೆರಾದವರೂ ಬಂದರು. ಕೋಟು ತೊಟ್ಟ ಒಬ್ಬ ಅಧಿಕಾರಿ ದಡದಲ್ಲಿ ನಿಂತು, "ತಾಯಂದಿರೇ, ಹೊಸ ಮನೆಗೆ ಹೊರಟಿದ್ದೀರಿ. ಒಂದು ಸಲ ಮಂಗಳಕೂಗು ಹಾಕಿ ನೋಡೋಣ! ಇಡೀ ದೇಶ ನೋಡುತ್ತೆ" ಎಂದ. ನಮ್ಮ ಹೆಂಗಸರು ಮರ್ಯಾದಸ್ತರು. ಅತಿಥಿ ಕೇಳಿದರೆ ಇಲ್ಲ ಎನ್ನುವವರಲ್ಲ. ಒಬ್ಬಿಬ್ಬರು ಆಗಲೇ ಬಾಯಿಗೆ ಕೈ ಅಡ್ಡ ಹಿಡಿದಿದ್ದರು. ಆಗ ಅಜ್ಜಿ ಮುಂದೆ ಬಂದಳು.

"ನಿಲ್ರೇ," ಎಂದಳು. "ಸಾಹೇಬರೇ, ನಾನು ಹುಟ್ಟಿದಾಗ ಇದೇ ನೀರಿಗೆ ಇವರ ತಾಯಂದಿರು ಒಂದು ಸಲ ಕೂಗಿದ್ರು. ಪಾಪ, ಅವರಿಗೆ ಗೊತ್ತಿರಲಿಲ್ಲ. ನಮಗೆ ಗೊತ್ತು."

"ಏನಮ್ಮಾ ಇದು, ಶುಭಕಾರ್ಯದಲ್ಲಿ—"

"ಶುಭ ಆದ್ರೆ ನೀವೇ ಕೂಗಿ. ನಾಲಿಗೆ ಹೊರಳಿಸೋದು ಕಷ್ಟ ಏನಿಲ್ಲ, ನಾನು ಹೇಳ್ಕೊಡ್ತೀನಿ."

ಬಾಯಿಗೆ ಹೋಗಿದ್ದ ಕೈಗಳು ಕೆಳಗಿಳಿದವು. ಐವತ್ತು ವರ್ಷ ಅವಳನ್ನು ದೂರ ಇಟ್ಟ ಊರು, ಆ ಒಂದು ಬೆಳಿಗ್ಗೆ ಅವಳ ಹಿಂದೆ ಬಾಯಿ ಮುಚ್ಚಿ ನಿಂತಿತು. ಮಾರನೆಯ ವಾರ ಪತ್ರಿಕೆಯಲ್ಲಿ ನಮ್ಮ ಚಿತ್ರ ಬಂತು. ಅಡಿಯಲ್ಲಿ "ನೂಬಿಯನ್ನರ ಆನಂದದ ಪ್ರಯಾಣ" ಎಂದು ಬರೆದಿದ್ದರು. ಕತ್ತರಿಸಿ ಇಟ್ಟುಕೊಂಡಿದ್ದೇನೆ. ಅದರಲ್ಲಿ ಕ್ಯಾಮೆರಾಕ್ಕೆ ಬೆನ್ನು ತಿರುಗಿಸಿ ನದಿಯ ಕಡೆ ನೋಡುತ್ತಿರುವವಳೊಬ್ಬಳಿದ್ದಾಳೆ. ನಿನ್ನ ಮುತ್ತಜ್ಜಿಯ ಚಿತ್ರವೆಂದು ನಮ್ಮಲ್ಲಿರುವುದು ಅದೊಂದೇ.

ಹೊಸ ಊರು ಹೇಗಿತ್ತೆಂದು ನಿನಗೆ ಹೇಳಬೇಕಾಗಿಲ್ಲ, ನೀನು ಅಲ್ಲೇ ಇದ್ದೀಯೆ. ಆಗ ಇನ್ನೂ ಕೆಟ್ಟದಾಗಿತ್ತು. ಸಾಲು ಸಾಲು ಸಿಮೆಂಟಿನ ಮನೆ, ಕೆಲವಕ್ಕೆ ಸೂರೇ ಇಲ್ಲ. ಆಸ್ಪತ್ರೆಗೆ ಬೋರ್ಡು ಇತ್ತು, ಬಾಗಿಲಿಗೆ ಬೀಗ ಇತ್ತು. ಯಾವ ಬಾಗಿಲು ತೆರೆದರೂ ನದಿ ಕಾಣುತ್ತಿರಲಿಲ್ಲ. ಬಂದ ಕೆಲವೇ ದಿನಕ್ಕೆ ನಮ್ಮ ಸಾಲಿನಲ್ಲಿ ಒಂದು ಹೆಣ್ಣು ಮಗು ಹುಟ್ಟಿತು. ಹೊಸ ಊರಿನ ಮೊದಲ ಮಗು. ಏಳನೆಯ ದಿನ ಹತ್ತಿರ ಬಂದಂತೆ ಬಾಣಂತಿ ಅತ್ತಳು. "ನದಿ ತೋರಿಸದ ಮಗು ಉಳಿಯೋದಿಲ್ಲ" ಎಂದು ಅತ್ತಳು. ಸುತ್ತಲಿನ ಸಾಲುಗಳಲ್ಲಿ ಆಗಲೇ ಕೂಸುಗಳು ಸಾಯತೊಡಗಿದ್ದವು. ಅವಳ ಹೆದರಿಕೆಯನ್ನು ಮೂಢನಂಬಿಕೆ ಎಂದು ತಳ್ಳಿಹಾಕುವುದು ನನ್ನಂಥ ಓದಿದವಳಿಂದಲೂ ಆಗದು.

ಅಜ್ಜಿಗೆ ಆಗಲೇ ಮೈ ಕಾಯುತ್ತಿತ್ತು. ಆದರೂ ಏಳನೆಯ ದಿನ ಬೆಳಿಗ್ಗೆ ಬಿಂದಿಗೆ ಎತ್ತಿಕೊಂಡಳು. "ಬಹೀಜಾ, ಬಾ, ಸ್ವಲ್ಪ ಓಡಾಡಿ ಬರೋಣ" ಎಂದು ನನ್ನನ್ನು ಕರೆದಳು. ಅಮ್ಮ ತಡೆದರೆ ಕೇಳಲಿಲ್ಲ. ಕಬ್ಬಿನ ಗದ್ದೆಗಳ ನಡುವೆ ನಡೆದೆವು. ಕತ್ತೆಗಾಡಿಯಲ್ಲಿ ಬರುತ್ತಿದ್ದ ಅಲ್ಲಿನ ರೈತನೊಬ್ಬ ನಿಲ್ಲಿಸಿ, "ಎಲ್ಲಿಗೆ ಹೊಂಟಿ ಬೇ ಯವ್ವಾ? ನೀರ ಬೇಕಂದ್ರ ಕಾಲುವಿ ಇಲ್ಲೇ ಐತಲ್ಲ" ಎಂದ.

"ಕಾಲುವೆ ಬೇಡಪ್ಪ. ನದಿ ಎಲ್ಲಿದೆ?"

"ಅದು ಭಾಳ ದೂರ. ಎರಡೂ ಒಂದ ನೀರ ಅಲ್ಲೇನ?"

"ನೀರು ಒಂದೇ. ಆದ್ರೆ ಕಾಲುವೆ ಹೇಳಿದ ಕಡೆಗೆ ಹೋಗುತ್ತೆ. ಕೂಸಿಗೆ ಮೊದಲು ತೋರಿಸೋದು ಹೇಳಿದ ಮಾತು ಕೇಳೋ ನೀರಾಗಬಾರದು."

ಅವನು ಗಾಡಿ ತಿರುಗಿಸಿ, "ಹತ್ತ್ರಿ" ಎಂದ. ಹೋಗುವಾಗ ನದಿಯ ತನಕ ಬಿಟ್ಟ. ಬರುವಾಗ ನಡೆದೇ ಬಂದೆವು. ತುಂಬಿದ ಬಿಂದಿಗೆಯನ್ನು ನನ್ನ ತಲೆಗೆ ಕೊಡಲಿಲ್ಲ. ದಾರಿಯಲ್ಲಿ ಎರಡು ಮೂರು ಕಡೆ ಅವಳ ಕಾಲು ತಡವರಿಸಿತು. ಒಂದು ಹನಿ ಚೆಲ್ಲಲಿಲ್ಲ.

ಬಾಣಂತಿಯ ಮನೆಯ ಹತ್ತಿರ ಬಂದಾಗ ಅವಳು ಒಳಗೆ ಹೋಗಲಿಲ್ಲ. ಸಕೀನಾ ಅಜ್ಜಿಯನ್ನು ಹೊರಗೆ ಕರೆದು ಬಿಂದಿಗೆ ಕೊಟ್ಟಳು. "ನದಿ ನೀರು. ಗಾಡಿಯೋನೊಬ್ಬ ತಂದ ಅಂತ ಹೇಳು."

"ನೀನೇ ಬಾರೇ ಒಳಗೆ. ಇವತ್ತೂ ಹೊರಗೇ ನಿಲ್ತೀಯಾ?" ಸಕೀನಾಳ ಕಣ್ಣು ತುಂಬಿತ್ತು.

"ಬೇಡ. ನಾಳೆ ಮಗುಗೆ ನೆಗಡಿಯಾದ್ರೂ ನಬ್ರಾ ಮುಟ್ಟಿದ್ಲು ಅಂತಾರೆ. ಆಮೇಲೆ ಅದು ಜೀವಮಾನ ಪೂರ್ತಿ ನಬ್ರಾ ಮುಟ್ಟಿದ ಮಗು ಆಗಿರುತ್ತೆ. ಏಳು ದಿನದ ಕೂಸಿನ ಮೇಲೆ ಅಂಥ ಮಾತು ಹೊರಿಸಿದ್ರೆ ಅದು ಎಷ್ಟು ಭಾರ ಅಂತ ನನ್ನಷ್ಟು ಯಾರಿಗೆ ಗೊತ್ತು?" ನನ್ನ ಕಡೆ ತಿರುಗಿ, "ನೀನೂ ಬಾಯಿ ಬಿಡಬೇಡ. ಆ ಮಗು ಗಟ್ಟಿಯಾಗಿ ಬೆಳೆಯೋ ತನಕ" ಎಂದಳು.

ಬೀದಿಯ ಕಲ್ಲಿನ ಮೇಲೆ ಕೂತೆವು. ಒಳಗೆ ನೀರು ಸುರಿದ ಸದ್ದಾಯಿತು, ಮಗು ಬೆಚ್ಚಿ ಅತ್ತಿತು, ಯಾರೋ ಹೆಸರು ಹೇಳಿದರು. ಆಮೇಲೆ ಮಂಗಳಕೂಗು ಎದ್ದಿತು. ಊರು ಬಿಟ್ಟ ಮೇಲೆ ನಾವು ಕೇಳಿದ ಮೊದಲ ಕೂಗು. ಅಜ್ಜಿ ಗೋಡೆಗೆ ತಲೆ ಆನಿಸಿ ಕಣ್ಣು ಮುಚ್ಚಿ ಕೇಳಿದಳು. "ಇದು ಸರಿಯಾದ ಕೂಗು ಕಣೇ" ಎಂದಳು.

ಆ ವಾರ ಮುಗಿಯುವುದರೊಳಗೆ ಜ್ವರದಲ್ಲೇ ತೀರಿಕೊಂಡಳು. ಮುದುಕಿಯಲ್ಲ, ಐವತ್ತೊಂದು. ಹೊಸ ಸ್ಮಶಾನದಲ್ಲಿ ದೊಡ್ಡವರ ಮೊದಲ ಗೋರಿ ಅವಳದು. ತಲೆಯ ಕಡೆ ಇಟ್ಟ ಬಟ್ಟಲಿಗೆ ನಾವು ತುಂಬಿದ್ದು ಕಾಲುವೆಯ ನೀರು. ಜನ ಆಗಲೂ ಬಿಡಲಿಲ್ಲ. "ನೀರಿನ ಜೊತೆ ಬಂದ್ಲು, ನದಿ ಬಿಟ್ಟ ಮೇಲೆ ಹೋದ್ಲು" ಎಂದರು.

ಆ ಮಗುವಿನ ಹೆಸರು ನಈಮಾ. ನಿನ್ನ ಅತ್ತೆ.

ಅವಳ ತಾಯಿಗೆ ಇದು ಗೊತ್ತಿರಲಿಲ್ಲ. ಗಾಡಿಯವನನ್ನೇ ಹರಸುತ್ತಾ ಆ ತಾಯಿ ಕಣ್ಣು ಮುಚ್ಚಿದಳು. ಸಕೀನಾ ಅಜ್ಜಿಯೂ ಹೋಗಿ ಬಹಳ ಕಾಲವಾಯಿತು. ಈಗ ಬಲ್ಲವಳು ನಾನೊಬ್ಬಳು. ಮಗು ಗಟ್ಟಿಯಾಗಿ ಬೆಳೆಯುವ ತನಕ ಎಂದಿದ್ದಳು ಅಜ್ಜಿ. ನಈಮಾಳಿಗೆ ಈಗ ನಲವತ್ತಾರು. ಹೋದ ವರ್ಷ ನಿನ್ನ ಮದುವೆಯಲ್ಲಿ ನನ್ನನ್ನು ಅಪ್ಪಿಕೊಂಡ ರಭಸಕ್ಕೆ ನನ್ನ ಪಕ್ಕೆಲುಬು ಎರಡು ದಿನ ನೋಯಿತು. ಇದಕ್ಕಿಂತ ಗಟ್ಟಿ ಬೇಕಾಗಿಲ್ಲ. ನನ್ನ ಬಾಯಿಯ ಬೀಗ ಇವತ್ತಿಗೆ ತೆರೆಯಿತು.

ಆದರೆ ಒಂದು ಮಾತು ಕೇಳು. ಇದನ್ನು ಅವಳ ಮುಖಕ್ಕೆ ಎಸೆಯಬೇಡ. ನಾಲ್ಕು ಜನರ ಮುಂದೆ ಹೇಳಬೇಡ. ಜಗಳ ಗೆಲ್ಲುವುದಕ್ಕಂತೂ ಹೇಳಬೇಡ. ಕೋಪ ನನಗಿರಲಿ, ಅದನ್ನು ಇಟ್ಟುಕೊಂಡು ನನಗೆ ಅಭ್ಯಾಸವಾಗಿದೆ. ನೀನು ಅವಳ ಜೊತೆ ಒಬ್ಬಳೇ ಇರುವಾಗ, ಅವಳ ಕಾಲೊತ್ತುತ್ತಲೋ ಸೊಪ್ಪು ಬಿಡಿಸುತ್ತಲೋ, ಈ ಪತ್ರವನ್ನು ಮೆಲ್ಲಗೆ ಓದಿ ಹೇಳು. ಓದಿ ಮುಗಿಸಿದ ಮೇಲೆ ಸುಮ್ಮನಿರು. ಅವಳು ಕೆಟ್ಟವಳಲ್ಲ. ಅವಳಿಗೂ ಯಾರೋ ಹೇಳಿಕೊಟ್ಟದ್ದು. ಹೆಸರನ್ನು ಅವಳ ಬಾಯಿಂದಲೇ ಹೇಳಿಸು.

ಹೆರಿಗೆ ಸುಸೂತ್ರವಾಗಲಿ. ನಿನ್ನ ಎದೆಯಲ್ಲಿ ಹಾಲು, ನಿನ್ನ ಮನೆಯಲ್ಲಿ ನಗು ತುಂಬಿರಲಿ. ಹುಟ್ಟುವವಳು ನೀರನ್ನು ಕಂಡು ಹೆದರದವಳಾಗಲಿ, ಹೆದರಿಸುವವರನ್ನು ಕಂಡು ನಗುವವಳಾಗಲಿ.

ನಿನ್ನ ದೊಡ್ಡಮ್ಮ,
ಬಹೀಜಾ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬಂದಿರಲಿಲ್ಲ. ನಿನ್ನ ದೊಡ್ಡಮ್ಮನಿಗೆ ಮಕ್ಕಳೇ ಆಗಲಿಲ್ಲ ಎಂದು ನಿನಗೆ ಹೇಳಿರುತ್ತಾರೆ. ಒಂದು ಆಗಿತ್ತು. ೧೯೭೬ರಲ್ಲಿ, ಹೆಣ್ಣು. ನಬ್ರಾ ಎಂದು ಹೆಸರಿಡಬೇಕೆಂದು ಆಸೆಪಟ್ಟೆ. ಏಳನೆಯ ದಿನ ಆ ಹೆಸರು ನನ್ನ ನಾಲಿಗೆಯ ತುದಿಗೆ ಬರುತ್ತಲೇ ನನ್ನ ಅಮ್ಮ, ಅಜ್ಜಿಯ ಸ್ವಂತ ಮಗಳು, ನನ್ನ ಬಾಯಿಯ ಮೇಲೆ ಅಂಗೈ ಇಟ್ಟು ಒತ್ತಿದಳು. ಸಿಹಾಮ್ ಎಂದು ಹೆಸರಿಟ್ಟರು. ನಲವತ್ತು ದಿನ ತುಂಬುವ ಮೊದಲೇ ಮಗು ಹೋಯಿತು. "ಸದ್ಯ, ಆ ಹೆಸರು ಇಟ್ಟಿರಲಿಲ್ಲವಲ್ಲ" ಎಂದು ನನ್ನನ್ನು ಸಮಾಧಾನ ಮಾಡಿದರು. ಆ ಹೆಸರು ಇಲ್ಲದೆಯೂ ನನ್ನ ಮಗು ಸತ್ತಿತು ಎಂದು ಅವತ್ತು ಯಾರಿಗೂ ಹೊಳೆಯಲಿಲ್ಲ. ನನಗೆ ಮಾತ್ರ ಹೊಳೆದಿತ್ತು, ಹೇಳಲು ದನಿ ಇರಲಿಲ್ಲ. ನಿನಗೆ ಏಳನೆಯ ದಿನ ಬಂದಾಗ ನದಿಯ ಹತ್ತಿರದಿಂದ ನನಗೆ ಫೋನು ಮಾಡು. ಮೊಬೈಲನ್ನು ಮಗುವಿನ ಕಿವಿಯ ಹತ್ತಿರ ಹಿಡಿ. ನಾನು ಆ ಹೆಸರನ್ನು ಒಂದು ಸಲವಾದರೂ ಗಟ್ಟಿಯಾಗಿ ಕೂಗಿ ಕರೆಯಬೇಕು.